ಮುಂದೂಡಿಕೆ ಮನ್ನಾ ಅಲ್ಲ
ಇಂಗ್ಲಿಷ್ ಪದಗಳ ಗೊಂದಲವನ್ನು ನಾವು ನಕ್ಕು ಮರೆಯುತ್ತೇವೆ. ರಾಣೆಬೆನ್ನೂರಿನ ರೈತನಿಗೆ ಅದು ಹಣದ ಪ್ರಶ್ನೆ. ಅಸಲು ಎಂಬರ್ಥದ ‘ಪ್ರಿನ್ಸಿಪಲ್’ ಅನ್ನು ತತ್ತ್ವ ಎಂಬರ್ಥ ಬರುವಂತೆ ಬರೆದರೆ ಯಾರಿಗೂ ನಷ್ಟವಿಲ್ಲ. ‘ಮೊರಟೋರಿಯಂ’ ಅನ್ನು ‘ವೇವರ್’ ಎಂದು ತಿಳಿದರೆ ನಷ್ಟವುಂಟು. ಮೊದಲನೆಯದು ಕಂತಿನ ಮುಂದೂಡಿಕೆ, ಎರಡನೆಯದು ಮನ್ನಾ.

2020ರ ಮಾರ್ಚ್‌ನಲ್ಲಿ ರಿಸರ್ವ್ ಬ್ಯಾಂಕ್ ಬೆಳೆಸಾಲವೂ ಸೇರಿದಂತೆ ಸಾಲಗಳ ಕಂತನ್ನು ಮೂರು ತಿಂಗಳು ಮುಂದೂಡಲು ಅವಕಾಶ ನೀಡಿತು. ಬಳಿಕ ಅದನ್ನು ಆಗಸ್ಟ್ ಅಂತ್ಯದವರೆಗೆ ವಿಸ್ತರಿಸಿತು. ಕಂತು ನಿಂತಿತು, ಬಡ್ಡಿ ನಿಲ್ಲಲಿಲ್ಲ. ಈ ವ್ಯತ್ಯಾಸವನ್ನು ಸಾಲಗಾರನಿಗೆ ಅವನ ಭಾಷೆಯಲ್ಲೇ ತಿಳಿಸುವುದು ಉಪಕಾರವಲ್ಲ, ಕರ್ತವ್ಯವೆಂದು ನಾನು ಭಾವಿಸುತ್ತೇನೆ. 1963ರ ರಾಜಭಾಷಾ ಅಧಿನಿಯಮ ರಾಜ್ಯದ ಕಡತಗಳಿಗೆ ಕನ್ನಡ ತಂದಿತು. ಸಾಲಪತ್ರದಲ್ಲೂ ಅಸಲು, ಬಡ್ಡಿ, ಮುಂದೂಡಿಕೆ, ಮನ್ನಾ ಎಂಬ ನಾಲ್ಕು ಪದಗಳು ಸ್ಪಷ್ಟವಾಗಿರಲಿ, ಸಹಿ ಆನಂತರ.