ಉಚಿತ ವಿದ್ಯುತ್ತೂ ಐದು ನಕ್ಷತ್ರದ ಪಂಪೂ

ನಂಜನಗೂಡಿನ ಪೇಟೆಯಲ್ಲಿ ರೆಫ್ರಿಜರೇಟರ್ ಕೊಳ್ಳಲು ಹೋದವರು ಈಗ ಬಣ್ಣಕ್ಕಿಂತ ಮೊದಲು ನೋಡುವುದು ಬಾಗಿಲಿಗೆ ಅಂಟಿಸಿರುವ ನಕ್ಷತ್ರಗಳ ಚೀಟಿಯನ್ನು. 2001ರ ಇಂಧನ ಸಂರಕ್ಷಣಾ ಕಾಯ್ದೆ, ಅದರಡಿ 2002ರಲ್ಲಿ ಹುಟ್ಟಿದ ಇಂಧನ ದಕ್ಷತಾ ಬ್ಯೂರೊ ಹಾಗೂ 2006ರಲ್ಲಿ ಆರಂಭವಾದ ತಾರಾ ಶ್ರೇಣೀಕರಣ, ಈ ಮೂರರ ಫಲ ಆ ಚೀಟಿ. 2010ರಲ್ಲಿ ಹವಾನಿಯಂತ್ರಕ, ಫ್ರಾಸ್ಟ್‌ಫ್ರೀ ರೆಫ್ರಿಜರೇಟರ್, ಟ್ಯೂಬ್‌ಲೈಟ್ ಮತ್ತು ವಿತರಣಾ ಟ್ರಾನ್ಸ್‌ಫಾರ್ಮರ್‌ಗಳಿಗೆ ಅದು ಕಡ್ಡಾಯವಾಯಿತು; 2023ರ ಜನವರಿಯಿಂದ ಸೀಲಿಂಗ್ ಫ್ಯಾನುಗಳಿಗೂ. ಆದರೆ ಕೃಷಿ ಪಂಪ್‌ಸೆಟ್ಟನ್ನು ಮಾತ್ರ ಐಚ್ಛಿಕ ಪಟ್ಟಿಯಲ್ಲಿ ಕೂರಿಸಲಾಯಿತು. ನಂಜನಗೂಡು, ತಿ. ನರಸೀಪುರದಂತಹ ತಾಲ್ಲೂಕುಗಳ ಹಳ್ಳಿಗಳಲ್ಲಿ ವಿದ್ಯುತ್ತನ್ನು ನಿಜವಾಗಿ ಹೀರುವ ಯಂತ್ರ ಯಾವುದೋ ಅದೇ ನಿಯಮದ ಕಣ್ಣಿನಿಂದ ತಪ್ಪಿಸಿಕೊಂಡಿತು.

ರಾಜ್ಯ ಸರ್ಕಾರ ಈ ವಿಷಯದಲ್ಲಿ ಸುಮ್ಮನಿತ್ತು ಎನ್ನುವಂತಿಲ್ಲ. 2007ರ ನವೆಂಬರಿನಲ್ಲಿ ಹೊರಡಿಸಿದ ಆದೇಶವೊಂದು ಕೃಷಿ ಪಂಪ್‌ಸೆಟ್‌ಗಳಿಗೆ ಐಎಸ್‌ಐ ಮುದ್ರೆ, ಕೆಪಾಸಿಟರ್, ಉತ್ತಮ ಫುಟ್‌ವಾಲ್ವ್ ಕಡ್ಡಾಯವೆಂದು ಸಾರಿತು. ಮರುವರ್ಷವೇ, 2008ರಲ್ಲಿ, ಹತ್ತು ಅಶ್ವಶಕ್ತಿವರೆಗಿನ ಪಂಪ್‌ಸೆಟ್‌ಗಳಿಗೆ ವಿದ್ಯುತ್ ಉಚಿತವಾಯಿತು. ಎರಡೂ ಒಳ್ಳೆಯ ಉದ್ದೇಶದ ಕ್ರಮಗಳೇ. ಆದರೆ ಎರಡನೆಯದು ಮೊದಲನೆಯದರ ಕಾಲು ಮುರಿಯಿತು. ಯೂನಿಟ್‌ಗೆ ಬೆಲೆಯೇ ಇಲ್ಲದ ಮೇಲೆ, ಮೂರು ಯೂನಿಟ್‌ನಲ್ಲಿ ಆಗುವ ಕೆಲಸಕ್ಕೆ ಐದು ಯೂನಿಟ್ ಸುಡುವ ಪಂಪನ್ನು ಬದಲಿಸಲು ರೈತನಿಗೆ ಯಾವ ಕಾರಣವಿದೆ? ಹೆಚ್ಚಿನ ಪಂಪ್‌ಸೆಟ್‌ಗಳಿಗೆ ಮೀಟರೇ ಇಲ್ಲ. ಸುಟ್ಟ ಯೂನಿಟ್‌ಗಳನ್ನು ಕಂಪನಿ ಅಂದಾಜು ಮಾಡುತ್ತದೆ, ಆಯೋಗ ಆ ಅಂದಾಜನ್ನು ಪರಿಶೀಲಿಸುತ್ತದೆ, ಸರ್ಕಾರ ಸಬ್ಸಿಡಿ ತೆರುತ್ತದೆ.

ಉಚಿತ ವಿದ್ಯುತ್ತನ್ನು ಹಿಂತೆಗೆದುಕೊಳ್ಳಬೇಕೆಂಬ ವಾದ ನನ್ನದಲ್ಲ. ಭತ್ತ, ಕಬ್ಬಿನ ಬೆಲೆ ರೈತನ ಕೈಯಲ್ಲಿಲ್ಲದಿರುವಾಗ ವಿದ್ಯುತ್ತಿನ ಬೆಲೆಯನ್ನು ಮಾತ್ರ ಅವನ ಹೆಗಲಿಗೇರಿಸುವುದು ನ್ಯಾಯವೂ ಅಲ್ಲ, ರಾಜಕೀಯವಾಗಿ ಸಾಧ್ಯವೂ ಅಲ್ಲ. ನನ್ನ ವಾದ ಇಷ್ಟೆ: ಬೆಲೆಯನ್ನು ತಾನಾಗಿಯೇ ತೆಗೆದುಹಾಕಿದ ಸರ್ಕಾರಕ್ಕೆ, ಆ ಬೆಲೆ ಮಾಡಬೇಕಿದ್ದ ಕೆಲಸವನ್ನು ಮಾನದಂಡದ ಮೂಲಕ ಮಾಡಿಸುವ ಹೊಣೆ ಇದೆ.

ಮಾನದಂಡ ಎಂದರೆ ಅಂಗಡಿಯ ಚೀಟಿಯಷ್ಟೇ ಅಲ್ಲ. ತಿ. ನರಸೀಪುರದ ಕಡೆ ಹೋದಾಗಲೆಲ್ಲ ನಾನು ಮೋಟಾರ್ ರೀವೈಂಡಿಂಗ್ ಅಂಗಡಿಗಳ ಮುಂದೆ ತುಸು ಹೊತ್ತು ನಿಲ್ಲುತ್ತೇನೆ. ಇಂಧನ ನೀತಿಯ ಕುರಿತ ಎಷ್ಟೋ ವಿಚಾರಸಂಕಿರಣಗಳಿಗಿಂತ ಅಲ್ಲಿ ಕಲಿಯುವುದು ಹೆಚ್ಚು. ಸುಟ್ಟ ಮೋಟಾರಿನ ತಂತಿಯನ್ನು ಬೆಂಕಿಯಲ್ಲಿ ಕಾಯಿಸಿ ಕೀಳುತ್ತಾರೆ. ಆ ಶಾಖಕ್ಕೆ ಒಳಗಿನ ಕಬ್ಬಿಣದ ತಗಡುಗಳ ನಡುವಿನ ನಿರೋಧಕ ಪದರ ಹಾಳಾಗುತ್ತದೆ. ಹೊಸ ಸುತ್ತು ಬಿದ್ದ ಮೋಟಾರು ತಿರುಗುವುದೇನೋ ತಿರುಗುತ್ತದೆ, ಆದರೆ ಮೊದಲಿಗಿಂತ ಹೆಚ್ಚು ವಿದ್ಯುತ್ತನ್ನು ಶಾಖವಾಗಿ ಕಳೆಯುತ್ತದೆ. ನಾಲ್ಕೈದು ಬಾರಿ ಸುತ್ತಿಸಿಕೊಂಡ ಮೋಟಾರಿನ ಮೈಮೇಲೆ ಫಲಕವೇನೋ ಐದು ಅಶ್ವಶಕ್ತಿ ಎಂದೇ ಹೇಳುತ್ತಿರುತ್ತದೆ.

ಮೋಟಾರ್ ಸುಡುವುದಾದರೂ ಏಕೆ? ಟ್ರಾನ್ಸ್‌ಫಾರ್ಮರಿನಿಂದ ದೂರದ ಗದ್ದೆಗೆ ಎಳೆದ ತಂತಿಯ ತುದಿಯಲ್ಲಿ ವೋಲ್ಟೇಜ್ ಕುಸಿದಿರುತ್ತದೆ. ತ್ರೀಫೇಸ್ ಬಂದ ಕ್ಷಣ ಊರಿನ ಎಲ್ಲ ಆಟೊ ಸ್ಟಾರ್ಟರ್‌ಗಳೂ ಒಟ್ಟಿಗೆ ಎಚ್ಚರಗೊಳ್ಳುತ್ತವೆ. ಇಂತಹ ತಂತಿಗೆ ಐದು ನಕ್ಷತ್ರದ ಪಂಪ್ ಕಟ್ಟಿದರೂ ಅದರ ಆಯುಷ್ಯ ಹೆಚ್ಚಲ್ಲ. ರೈತ ದಪ್ಪ ಸುತ್ತಿನ ಒರಟು ಮೋಟಾರನ್ನೇ ನೆಚ್ಚುವುದು ಅಜ್ಞಾನದಿಂದಲ್ಲ, ಅನುಭವದಿಂದ. ಆದ್ದರಿಂದ ಪಂಪಿಗೆ ಮಾನದಂಡ ವಿಧಿಸುವವರು ಮೊದಲು ಕಂಪನಿಯ ತಂತಿಗೂ ವೋಲ್ಟೇಜಿಗೂ ಅದನ್ನು ವಿಧಿಸಬೇಕು.

ಇದು ಆಗದ ಕೆಲಸವೇನಲ್ಲ. ಕಾವೇರಿಯ ಆಚೆ ದಡದ ಮಳವಳ್ಳಿ ಭಾಗದಲ್ಲಿ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ ಮತ್ತು ಕೇಂದ್ರದ ಇಇಎಸ್‌ಎಲ್ ಸಂಸ್ಥೆ ಸೇರಿ ಸಾವಿರಕ್ಕೂ ಹೆಚ್ಚು ಹಳೆಯ ಪಂಪ್‌ಗಳನ್ನು ಬದಲಿಸಿದವು. ಉಳಿತಾಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚೆಂದು ಲೆಕ್ಕ ಸಿಕ್ಕಿತು. ರೈತನಿಂದ ಹಣ ಕೇಳದೆ, ಉಳಿದ ಯೂನಿಟ್‌ಗಳ ಸಬ್ಸಿಡಿಯಿಂದಲೇ ವೆಚ್ಚ ತೀರಿಸಿಕೊಳ್ಳುವುದು ಇಂತಹ ಯೋಜನೆಯ ತಿರುಳು. ಬನ್ನೂರು, ಸೋಸಲೆಗೆ ಬರಲು ಅದಕ್ಕೆ ಇಷ್ಟು ವರ್ಷ ಏಕೆ ಬೇಕು?

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ನಂಜನಗೂಡು ತಾಲ್ಲೂಕಿನ ದೊಡ್ಡಕವಲಂದೆಯಂತಹ ಒಣ ಭಾಗದಲ್ಲಿ ನೀರು ಕೊಳವೆಬಾವಿಯದು. ಅಲ್ಲಿ ದಕ್ಷ ಪಂಪ್ ಬಂದು ತ್ರೀಫೇಸ್ ಅವಧಿ ಅಷ್ಟೇ ಉಳಿದರೆ, ಉಳಿಯುವುದು ವಿದ್ಯುತ್ತಲ್ಲ. ಮೇಲೆ ಬರುವುದು ಹೆಚ್ಚು ನೀರು, ಇನ್ನಷ್ಟು ಕೆಳಗಿಳಿಯುವುದು ಅಂತರ್ಜಲ. ನೀರಿನ ಮಟ್ಟ ಕುಸಿದಂತೆ, ಒಂದು ಆಳಕ್ಕೆಂದು ಆಯ್ದ ಪಂಪ್ ಇನ್ನೊಂದು ಆಳದಲ್ಲಿ ತನ್ನ ನಕ್ಷತ್ರಗಳನ್ನು ಕಳೆದುಕೊಳ್ಳುತ್ತದೆ. ಕಬಿನಿ, ಕಾವೇರಿ ಮತ್ತು ನಾಲೆಗಳಿಂದ ನೀರೆತ್ತುವ ಪಂಪ್‌ಗಳಲ್ಲಿ ಈ ಅಪಾಯ ಕಡಿಮೆ. ಹಾಗಾಗಿ ಬದಲಾವಣೆ ನದಿಯಂಚಿನಿಂದ ಶುರುವಾಗಿ, ಒಣ ಭಾಗಕ್ಕೆ ಮೀಟರ್ ಮತ್ತು ಹನಿ ನೀರಾವರಿಯ ಜತೆಗೇ ಹೋಗಬೇಕು.

ಪಟ್ಟಣದ ನಾವು ಇದನ್ನು ರೈತರ ತಕರಾರು ಎಂದು ಓದಿ ಪುಟ ಮಗುಚುವಂತಿಲ್ಲ. 2023ರಲ್ಲಿ ಜಾರಿಯಾದ ಗೃಹಜ್ಯೋತಿಯಲ್ಲೂ ಇದೇ ದೋಷ ಬೇರೆ ವೇಷದಲ್ಲಿದೆ. 200 ಯೂನಿಟ್‌ಗಳ ಮಿತಿಯೊಳಗೆ ಪ್ರತಿ ಮನೆಯ ಪಾಲನ್ನು 2022-23ರ ಸರಾಸರಿ ಬಳಕೆಗೆ ಶೇ 10ರಷ್ಟು ಸೇರಿಸಿ ನಿಗದಿ ಮಾಡಲಾಯಿತು. ಅಂದರೆ ಅದಕ್ಕೂ ಮೊದಲೇ ಎಲ್‌ಇಡಿ ಬಲ್ಬ್, ಒಳ್ಳೆಯ ಫ್ಯಾನ್ ಹಾಕಿಸಿ ಬಳಕೆ ತಗ್ಗಿಸಿಕೊಂಡ ಮನೆಗೆ ಸಣ್ಣ ಪಾಲು, ಹಳೆಯ ಗೀಸರ್ ಉರಿಸುತ್ತಿದ್ದ ಮನೆಗೆ ದೊಡ್ಡದು. 2024ರ ಜನವರಿಯಲ್ಲಿ, 48 ಯೂನಿಟ್‌ಗಿಂತ ಕಡಿಮೆ ಸರಾಸರಿಯವರಿಗೆ ಶೇ 10ರ ಬದಲು 10 ಯೂನಿಟ್ ಹೆಚ್ಚುವರಿ ಕೊಟ್ಟು ಬಡವರ ಮಟ್ಟಿಗೆ ಇದನ್ನು ಸರಿಪಡಿಸಿದ್ದು ಸ್ವಾಗತಾರ್ಹ. ತತ್ವ ಮಾತ್ರ ಬದಲಾಗಲಿಲ್ಲ. 2015ರ ಕೊನೆಯಲ್ಲಿ ‘ಹೊಸ ಬೆಳಕು’ ಯೋಜನೆಯಡಿ ನೂರು ರೂಪಾಯಿಗೆ ಎಲ್‌ಇಡಿ ಬಲ್ಬ್ ಕೊಳ್ಳಿರೆಂದು ಸರ್ಕಾರವೇ ಬೇಡಿಕೊಂಡಿತ್ತು. ಮಾತು ಕೇಳಿದವರಿಗೆ ಸಿಕ್ಕ ಬಹುಮಾನ ಇದು.

ಪೋಲಾದ ಯೂನಿಟ್ಟಿನ ನಿಜವಾದ ಬೆಲೆ ತಿಳಿಯುವುದು ಬರಗಾಲದಲ್ಲಿ. 2023ರಲ್ಲಿ ಮುಂಗಾರು ಕೈಕೊಟ್ಟು ಜಲಾಶಯಗಳು ತುಂಬಲಿಲ್ಲ. ಅಕ್ಟೋಬರ್ ಹೊತ್ತಿಗೆ ಪಂಪ್‌ಸೆಟ್‌ಗಳ ತ್ರೀಫೇಸ್ ಪೂರೈಕೆ ಏಳು ಗಂಟೆಯಿಂದ ಐದು ಗಂಟೆಗೆ ಇಳಿಯಿತು. ಆಗ ವಿದ್ಯುತ್ ವಿನಿಮಯ ಕೇಂದ್ರಗಳಲ್ಲಿ ಯೂನಿಟ್ಟಿನ ಗರಿಷ್ಠ ಬೆಲೆ ಹತ್ತು ರೂಪಾಯಿ. ಅದೂ ಕೇಂದ್ರ ನಿಯಂತ್ರಣ ಆಯೋಗ 2022ರಲ್ಲಿ ಹನ್ನೆರಡಕ್ಕೆ ಕಟ್ಟಿ, 2023ರ ಏಪ್ರಿಲಿನಲ್ಲಿ ತಗ್ಗಿಸಿದ ಮೇಲೆ. ಉತ್ತರ ಪ್ರದೇಶ ಮತ್ತು ಪಂಜಾಬಿನಿಂದ ಮುಂದೆ ಮರಳಿಸುವ ಷರತ್ತಿನ ಮೇಲೆ ವಿದ್ಯುತ್ ತರಲು ರಾಜ್ಯ ಒಪ್ಪಂದ ಮಾಡಿಕೊಂಡಿತು. ವಿದ್ಯುತ್ ಕಾಯ್ದೆಯ 11ನೇ ಕಲಮನ್ನು ಬಳಸಿ, ರಾಜ್ಯದೊಳಗಿನ ಉತ್ಪಾದಕರು ಹೊರಗೆ ಮಾರಬಾರದೆಂದು ಅಪ್ಪಣೆಯನ್ನೂ ಹೊರಡಿಸಿತು. ನಂಜನಗೂಡು ತಾಲ್ಲೂಕಿನ ಅಳಗಂಚಿಯ ಸಕ್ಕರೆ ಕಾರ್ಖಾನೆಯಂತೆ ಕಬ್ಬಿನ ಸಿಪ್ಪೆ ಉರಿಸಿ ವಿದ್ಯುತ್ ತಯಾರಿಸುವವರಿಗೆ ಮುಕ್ತ ಮಾರುಕಟ್ಟೆಯ ಬಾಗಿಲು ಒಂದೇ ಸಹಿಯಲ್ಲಿ ಮುಚ್ಚಿಕೊಂಡಿತು. ಉತ್ಪಾದಿಸುವವನಿಗೆ ಇಷ್ಟು ಬಿಗಿಯಾಗಿ ಆಜ್ಞೆ ಕೊಡಬಲ್ಲ ಸರ್ಕಾರ, ಪಂಪ್ ತಯಾರಿಸಿ ಮಾರುವವನ ಮುಂದೆ ಮಾತ್ರ ಇಷ್ಟು ಸಂಕೋಚಪಟ್ಟುಕೊಳ್ಳುವುದು ವಿಚಿತ್ರ.

ಈಗ ಹೊಸ ಸಂದರ್ಭವೊಂದು ಒದಗಿದೆ. 2019ರಲ್ಲಿ ಆರಂಭವಾದ ಕುಸುಮ್ ಯೋಜನೆಯಡಿ ಕೃಷಿ ಫೀಡರುಗಳನ್ನೇ ಸೌರ ವಿದ್ಯುತ್ತಿಗೆ ಜೋಡಿಸುವ ಕೆಲಸ ರಾಜ್ಯದಲ್ಲಿ ನಡೆದಿದೆ. ಇಂತಹ ಘಟಕ ಎಷ್ಟು ಮೆಗಾವಾಟಿನದಾಗಿರಬೇಕು ಎಂಬುದನ್ನು ಆ ಫೀಡರಿನ ಈಗಿನ ಬಳಕೆ ನೋಡಿ ತೀರ್ಮಾನಿಸಿದರೆ, ಸುಟ್ಟು ಸುತ್ತಿಸಿದ ಮೋಟಾರುಗಳ ಪೋಲಿಗೂ ಸೇರಿಸಿಯೇ ಸೌರ ಫಲಕ ಹಾಸಿ, ಇಪ್ಪತ್ತೈದು ವರ್ಷದ ಕರಾರಿಗೆ ಸಹಿ ಹಾಕಿದಂತಾಗುತ್ತದೆ. ಪಂಪ್ ಬದಲಿಸಿ, ತಂತಿ ಸರಿಪಡಿಸಿ, ಆಮೇಲೆ ಅಳತೆ ತೆಗೆಯುವುದು ಸರಿಯಾದ ಕ್ರಮ. ಆಗ ಅದೇ ಹೊಲಗಳಿಗೆ ಸಣ್ಣ ಘಟಕವೇ ಸಾಕಾಗುತ್ತದೆ. ರೀವೈಂಡಿಂಗ್ ಮಾಡುವ ಹುಡುಗರನ್ನು ಬೀದಿಗೆ ತಳ್ಳುವ ಬದಲು ತರಬೇತಿ ಕೊಟ್ಟು, ಹೊಸ ಪಂಪ್‌ಗಳ ಐದು ವರ್ಷದ ನಿರ್ವಹಣೆಯನ್ನು ಅವರಿಗೇ ವಹಿಸಬಹುದು. ಕೆಟ್ಟ ಪಂಪ್ ಮರುದಿನವೇ ರಿಪೇರಿಯಾಗದಿದ್ದರೆ ಯಾವ ರೈತನೂ ಹಳೆಯದನ್ನು ಬಿಟ್ಟುಕೊಡುವುದಿಲ್ಲ.

ದರ ಪರಿಷ್ಕರಣೆಗಾಗಿ ರಾಜ್ಯ ವಿದ್ಯುತ್ ನಿಯಂತ್ರಣ ಆಯೋಗ ಸಾರ್ವಜನಿಕ ವಿಚಾರಣೆ ನಡೆಸಿದಾಗ ಯೂನಿಟ್‌ಗೆ ಎಷ್ಟು ಪೈಸೆ ಏರುತ್ತದೆ ಎಂಬುದರ ಮೇಲೆಯೇ ಎಲ್ಲರ ಕಣ್ಣು. ನಂಜನಗೂಡು, ನರಸೀಪುರದ ರೈತ ಮುಖಂಡರೂ ಕೈಗಾರಿಕಾ ಪ್ರದೇಶದ ಪ್ರತಿನಿಧಿಗಳೂ ಮುಂದಿನ ಸಲ ಇನ್ನೊಂದು ಪ್ರಶ್ನೆಯನ್ನು ಒಟ್ಟಾಗಿ ಕೇಳಲಿ: ಎರಡು ತಾಲ್ಲೂಕುಗಳ ಯಾವ ಯಾವ ಕೃಷಿ ಫೀಡರಿನಲ್ಲಿ ಎಷ್ಟು ಪಂಪ್‌ಗಳಿವೆ, ತಂತಿಯ ಕೊನೆಯ ಕಂಬದಲ್ಲಿ ಎಷ್ಟು ವೋಲ್ಟ್ ಇದೆ, ಅಲ್ಲಿ ಪಂಪ್ ಬದಲಾವಣೆ ಯಾವ ತಿಂಗಳು ಶುರುವಾಗುತ್ತದೆ?