ನರ್ಸಿನ ಬಾಯಿಗೆ ಬೀಗ ಹಾಕಿದವರು ಯಾರು?



ಆಸ್ಪತ್ರೆಯಲ್ಲಿ ಒಂದು ಔಷಧಕ್ಕೆ ಬದಲು ಇನ್ನೊಂದು ಹೋಗುತ್ತದೆ, ಇಲ್ಲವೆ ಪ್ರಮಾಣ ಹೆಚ್ಚಾಗುತ್ತದೆ. ಎಷ್ಟೋ ವೇಳೆ ಆ ತಪ್ಪು ಕೊಟ್ಟ ನರ್ಸಿನ ಮನಸ್ಸಿನಲ್ಲೇ ಹೂತುಹೋಗುತ್ತದೆ. ಮೇಲಿನವರಿಗೆ ವರದಿ ಹೋಗುವುದಿಲ್ಲ. "ಇವರಿಗೆ ಹೊಣೆಗಾರಿಕೆಯಿಲ್ಲ, ತಪ್ಪು ಮಾಡಿ ಮುಚ್ಚಿಡುತ್ತಾರೆ" ಎಂದು ದೊಡ್ಡ ಮನುಷ್ಯರು ಮೂಗು ಮುರಿಯುತ್ತಾರೆ. ನಾವು ಕೇಳುತ್ತೇವೆ: ಮುಚ್ಚಿಡುವ ವಿದ್ಯೆಯನ್ನು ಅವರಿಗೆ ಕಲಿಸಿದವರು ಯಾರು?

ಹೋಟೆಲಿನಲ್ಲಿ ದುಡಿದ ನಮಗೆ ಈ ವಿದ್ಯೆ ಹೊಸದಲ್ಲ. ಗ್ಲಾಸು ಒಡೆದರೆ ಸಂಬಳದಲ್ಲಿ ಮುರಿದುಕೊಳ್ಳುವ ಮಾಲಿಕನ ಗಲ್ಲಾಪೆಟ್ಟಿಗೆಯ ತನಕ ಒಡೆದ ಗ್ಲಾಸಿನ ಸುದ್ದಿ ಬರುವುದೇ ಇಲ್ಲ. ಚೂರುಗಳು ಸದ್ದಿಲ್ಲದೆ ಮೋರಿ ಸೇರುತ್ತವೆ. ಮರುದಿನ ಮೋರಿ ಬಳಿಯುವ ಹುಡುಗನ ಕೈ ಕುಯ್ಯುತ್ತದೆ. ಮಾಲಿಕನ ಲೆಕ್ಕದಲ್ಲಿ ಮಾತ್ರ ಒಡೆದದ್ದು ಸೊನ್ನೆ! ನನ್ನಲ್ಲಿ ಎಂಥ ಶಿಸ್ತು ಎಂದು ಆತ ಬೀಗುತ್ತಾನೆ.

ಔಷಧದ ತಪ್ಪು ಹೇಗೆ ಹುಟ್ಟುತ್ತದೆ ನೋಡಿರಿ. ಸಕ್ಕರೆ ಕಾಯಿಲೆಯ ಇನ್ಸುಲಿನ್ ನಮ್ಮ ದೇಶದಲ್ಲಿ ಹೆಚ್ಚಾಗಿ ಎರಡು ಬಲದಲ್ಲಿ ಸಿಗುತ್ತದೆ: ಒಂದು ಮಿಲಿಲೀಟರಿಗೆ 40 ಯೂನಿಟ್ಟಿನದು, 100 ಯೂನಿಟ್ಟಿನದು. ಸಿರಿಂಜುಗಳೂ ಬೇರೆ ಬೇರೆ. 100ರ ಔಷಧವನ್ನು 40ರ ಸಿರಿಂಜಿನಲ್ಲಿ ಎಳೆದರೆ ರೋಗಿಯ ಮೈಗೆ ಸೇರುವುದು ಎರಡೂವರೆ ಪಟ್ಟು. ಇನ್ನು ಪೊಟ್ಯಾಸಿಯಂ ಕ್ಲೋರೈಡಿನ ಪುಟ್ಟ ಸೀಸೆಯೂ, ಇಂಜೆಕ್ಷನ್ ಕಲಸುವ ನೀರಿನ ಸೀಸೆಯೂ ಅಕ್ಕತಂಗಿಯರಂತೆ ಇರುವುದುಂಟು. ಆ ಪೊಟ್ಯಾಸಿಯಂ ಅನ್ನು ತಿಳಿ ಮಾಡದೆ ಒಮ್ಮೆಲೇ ರಕ್ತನಾಳಕ್ಕೆ ಹಾಕಿದರೆ ಹೃದಯ ನಿಂತುಹೋಗುತ್ತದೆ. ಎರಡನ್ನೂ ಒಂದೇ ಕಪಾಟಿನಲ್ಲಿ ಇಡಿಸಿದವರು ಯಾರು? ರಾತ್ರಿ ಪಾಳಿಗೆ ಇಡೀ ವಾರ್ಡಿಗೆ ಒಬ್ಬಳನ್ನೇ ಬಿಟ್ಟವರು ಯಾರು? ಓದಲಾಗದ ಅಕ್ಷರದಲ್ಲಿ ಗೀಚಿ ಮನೆಗೆ ಹೋದವರು ಯಾರು? ಕೊನೆಗೆ ಕಣ್ಣಿಗೆ ಬೀಳುವುದು ಸೂಜಿ ಹಿಡಿದ ಕೈ ಒಂದೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ!

ಸತ್ಯ ಹೇಳಿದವಳಿಗೆ ಏನಾಗುತ್ತದೆ ಎಂಬುದನ್ನು ಅಮೆರಿಕಾ ತೋರಿಸಿದೆ. 2017ರ ಡಿಸೆಂಬರಿನಲ್ಲಿ ನ್ಯಾಶ್‌ವಿಲ್ ನಗರದ ವಾಂಡರ್‌ಬಿಲ್ಟ್ ಆಸ್ಪತ್ರೆಯ ನರ್ಸು ರಡಾಂಡಾ ವಾಟ್, ಮನಸ್ಸು ಶಾಂತಗೊಳಿಸುವ ಔಷಧಕ್ಕೆ ಬದಲು ಸ್ನಾಯುಗಳನ್ನೇ ಸ್ತಬ್ಧಗೊಳಿಸುವ ಔಷಧ ಕೊಟ್ಟಳು, ರೋಗಿ ತೀರಿಕೊಂಡರು. ಆಕೆಯ ಅಜಾಗರೂಕತೆ ಸಣ್ಣದಲ್ಲ, ಎಚ್ಚರಿಕೆಗಳನ್ನು ಆಕೆ ಗಮನಿಸಲಿಲ್ಲ. ಅದನ್ನು ನಾವು ಮುಚ್ಚುವುದಿಲ್ಲ. ಆದರೆ ತಪ್ಪನ್ನು ತಾನೇ ಒಪ್ಪಿಕೊಂಡವಳು ಆಕೆ. ಸರಕಾರಕ್ಕೆ ತಿಳಿಸಬೇಕಾಗಿದ್ದ ಆಸ್ಪತ್ರೆ ಬಾಯಿಬಿಡಲಿಲ್ಲ. 2018ರಲ್ಲಿ ಹೆಸರಿಲ್ಲದ ದೂರೊಂದು ಹೋದ ಮೇಲೆಯೇ ಸಂಗತಿ ಹೊರಬಿತ್ತು. ಒಪ್ಪಿಕೊಂಡವಳ ಕೆಲಸ ಹೋಯಿತು, ಲೈಸೆನ್ಸು ಹೋಯಿತು, 2022ರಲ್ಲಿ ಕೋರ್ಟು ಆಕೆಯನ್ನು ಅಪರಾಧಿ ಎಂದಿತು. ಜೈಲು ತಪ್ಪಿ ಮೂರು ವರ್ಷದ ಪ್ರೊಬೇಷನ್ ಆಯಿತು. ಬಾಯಿ ಮುಚ್ಚಿದ್ದ ಆಸ್ಪತ್ರೆಯ ಮೇಲೆ ಕ್ರಿಮಿನಲ್ ಖಟ್ಲೆಯೇ ಇಲ್ಲ! ಈ ಸುದ್ದಿ ಓದಿದ ಯಾವ ನರ್ಸು ನಾಳೆ ಬಾಯಿಬಿಟ್ಟಾಳು?

ನಮ್ಮಲ್ಲಿ ನ್ಯಾಯ ಹೆಚ್ಚಿದೆಯೋ? 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮನ್ನು ಓದಿರಿ. ನಿರ್ಲಕ್ಷ್ಯದಿಂದ ಸಾವಾದರೆ ಐದು ವರ್ಷದವರೆಗೆ ಸೆರೆ. ಚಿಕಿತ್ಸೆ ನಡೆಸುವಾಗ ನೋಂದಾಯಿತ ವೈದ್ಯರಿಂದ ಆದರೆ ಎರಡೇ ವರ್ಷ. ಆ ವಿನಾಯಿತಿ ವೈದ್ಯಕೀಯ ರಿಜಿಸ್ಟರಿನಲ್ಲಿ ಹೆಸರಿದ್ದವರಿಗೆ ಮಾತ್ರ. ನರ್ಸು ಅದರಲ್ಲಿ ಸೇರುವುದಿಲ್ಲ. ವೈದ್ಯರಿಗೆ ಕೊಟ್ಟ ರಕ್ಷಣೆಗೆ ನಮ್ಮ ಹೊಟ್ಟೆಯುರಿಯಿಲ್ಲ. ಆದರೆ ಅದೇ ಮಂಚದ ಪಕ್ಕದಲ್ಲಿ, ಅದೇ ವೈದ್ಯರ ಅಪ್ಪಣೆಯಂತೆ ದುಡಿಯುವವಳಿಗೆ ಮಾತ್ರ ಬೇರೆ ತಕ್ಕಡಿ ಏಕೆ?

ಹೊಟ್ಟೆಪಾಡಿನ ಭಯ ಬೇರೆ. ಸಣ್ಣ ಖಾಸಗಿ ಆಸ್ಪತ್ರೆಯಲ್ಲೂ ನರ್ಸಿಗೆ ತಿಂಗಳಿಗೆ 20,000 ರೂಪಾಯಿಗೆ ಕಡಿಮೆಯಾಗಬಾರದೆಂದು ಸುಪ್ರೀಂ ಕೋರ್ಟಿನ ಆದೇಶದಂತೆ ನೇಮಕವಾದ ಸಮಿತಿ 2016ರಲ್ಲೇ ಹೇಳಿತು. ಹೇಳಿದ್ದು ಕಾಗದದಲ್ಲಿದೆ. ಕಂತ್ರಾಟಿನ ಕೆಲಸ, ಮೂಲ ಸರ್ಟಿಫಿಕೇಟು ಆಡಳಿತದವರ ಬೀರುವಿನಲ್ಲಿ, ಊರಲ್ಲಿ ಓದಿಗೆಂದು ಮಾಡಿದ ಸಾಲ. ಎನ್.ಎ.ಬಿ.ಎಚ್. ಮಾನ್ಯತೆ ಬೇಕಾದ ಆಸ್ಪತ್ರೆ ಔಷಧದ ತಪ್ಪುಗಳನ್ನು ದಾಖಲಿಸಲೇಬೇಕು. ಪುಸ್ತಕ ಇದೆ, ಬರೆಯುವ ಕೈ ನಡುಗುತ್ತದೆ.

"ಶಿಕ್ಷೆಯಿಲ್ಲದಿದ್ದರೆ ಎಲ್ಲರೂ ಬೇಕಾಬಿಟ್ಟಿ ಮಾಡುತ್ತಾರೆ" ಅನ್ನುವವರಿಗೆ ಒಂದು ಮಾತು. ಅಮೆರಿಕಾದ ವಿಮಾನ ಚಾಲಕರು 1976ರಿಂದ ತಮ್ಮ ತಪ್ಪುಗಳನ್ನು ನಾಸಾ ಸಂಸ್ಥೆಗೆ ಗುಟ್ಟಾಗಿ ಬರೆದು ತಿಳಿಸುತ್ತಾರೆ. ದಂಡಿಸುವ ಇಲಾಖೆ ಬೇರೆ, ಕೇಳಿಸಿಕೊಳ್ಳುವ ಸಂಸ್ಥೆ ಬೇರೆ. ಬೇಕೆಂದು ಮಾಡಿದ್ದಲ್ಲದ, ಅಪಘಾತವಾಗದ ತಪ್ಪನ್ನು 10 ದಿನದೊಳಗೆ ತಿಳಿಸಿದವರಿಗೆ ಕೆಲವು ಷರತ್ತಿನ ಮೇಲೆ ದಂಡನೆ ಮನ್ನಾ. ವಿಮಾನದಲ್ಲಿ ಕೂತವರ ಜೀವಕ್ಕಿರುವ ಬೆಲೆ ಜನರಲ್ ವಾರ್ಡಿನಲ್ಲಿ ಮಲಗಿದವನ ಜೀವಕ್ಕಿಲ್ಲವೇ?

ಆ ವಾರ್ಡಿನಲ್ಲಿ ಮಲಗುವವರು ನಾವೇ. ಅಲ್ಲಿ ಪಾಳಿ ಮಾಡುವವರಲ್ಲಿ ನಮ್ಮ ಮನೆಯ ಹೆಣ್ಣುಮಕ್ಕಳೂ ಇದ್ದಾರೆ. ಬೇಕೆಂದೇ ಕೇಡು ಮಾಡಿದವರನ್ನು, ಕುಡಿದು ಕೆಲಸಕ್ಕೆ ಬಂದವರನ್ನು, ದಾಖಲೆ ತಿದ್ದಿದವರನ್ನು ದಂಡಿಸಿರಿ. ನಾವು ಅಡ್ಡ ಬರುವುದಿಲ್ಲ. ಆದರೆ ಒಪ್ಪಿಕೊಂಡು ಬರೆದವಳ ಸಂಬಳಕ್ಕೂ ನೌಕರಿಗೂ ಕೈ ಹಾಕುವುದಿಲ್ಲವೆಂದು ಪ್ರತಿ ಆಸ್ಪತ್ರೆಯ ಆಡಳಿತವೂ ಬರಹದಲ್ಲಿ ಕೊಡಲಿ. ಹೆಸರಿಲ್ಲದ ಚೀಟಿಯನ್ನೂ ಸ್ವೀಕರಿಸಲಿ. ಚೀಟಿ ಬಂದ ಮೇಲೆ ಕಪಾಟಿನಲ್ಲಿ, ಪಾಳಿಯಲ್ಲಿ ಏನು ಬದಲಾಯಿಸಿದೆವೆಂದು ತಿಂಗಳಿಗೊಮ್ಮೆ ನರ್ಸುಗಳ ಕೊಠಡಿಯ ಗೋಡೆಗೆ ಅಂಟಿಸಲಿ. ಪೊಟ್ಯಾಸಿಯಂ ಸೀಸೆಗಳನ್ನು ವಾರ್ಡಿನ ಕಪಾಟಿನಿಂದ ಇವತ್ತೇ ಎತ್ತಿಸಲಿ. ಇದಕ್ಕೆ ಯಾವ ಕಾಯಿದೆಯೂ ಬೇಕಾಗಿಲ್ಲ, ಒಂದು ಬೀಗ ಸಾಕು.