‘ಅರವತ್ತಕ್ಕೆ ಅರಳು ಮರಳು’ ಅನ್ನೋದನ್ನು ಮೊದಲು ನಿಲ್ಲಿಸಿ

ನಮ್ಮ ಕಡೆ ಈ ಗಾದೆಯಷ್ಟು ಕೇಡು ಮಾಡಿದ ಮಾತು ಇನ್ನೊಂದಿಲ್ಲ. ಅಜ್ಜ ಡೈರಿಗೆ ಹಾಲು ಹಾಕಿ ಬಂದು, ಅರ್ಧ ಗಂಟೆಗೆ ಮತ್ತೆ ಕ್ಯಾನ್ ಎತ್ತಿಕೊಂಡು ಹೊರಟರೆ ‘ಅರಳು ಮರಳು’. ಅಜ್ಜಿ ಒಲೆ ಮೇಲೆ ಎಸರಿಟ್ಟು ಮರೆತರೆ ‘ವಯಸ್ಸಾಯ್ತಲ್ಲ, ಬಿಡಿ’. ಹೀಗೆ ಬಿಟ್ಟೂ ಬಿಟ್ಟೂ ಸೋಮನಹಳ್ಳಿಯಿಂದ ಮಳವಳ್ಳಿವರೆಗೆ ಎಷ್ಟೋ ಮನೆಗಳಲ್ಲಿ ಒಂದು ಕಾಯಿಲೆ ಹೆಸರಿಲ್ಲದೆ ಕೂತಿದೆ. ಅದರ ಹೆಸರು ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ.

ಇದು ಪೇಟೆಯವರ ಕಾಯಿಲೆ ಅಂದುಕೊಂಡವರು ಈ ಲೆಕ್ಕ ನೋಡಿ. 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನದ ಅಂದಾಜಿನಂತೆ, 60 ದಾಟಿದ ಭಾರತೀಯರಲ್ಲಿ ಶೇ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಷಿಯಾ ಇದೆ. ಪಟ್ಟಣದಲ್ಲಿ ಶೇ 5.3, ಹಳ್ಳಿಯಲ್ಲಿ ಶೇ 8.4. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು.

ಇದು ಎಲ್ಲಿಂದ ಬರುತ್ತೆ? ಒಂದು ದೊಡ್ಡ ದಾರಿ ನಮಗೆಲ್ಲ ಪರಿಚಯದ್ದೇ: ಬಿಪಿ ಮತ್ತು ಶುಗರ್. ಮೆದುಳಿನ ತೂಕ ದೇಹದ ತೂಕದಲ್ಲಿ ಶೇ 2ರಷ್ಟು. ಆದರೆ ಉಸಿರಾಡಿದ ಆಮ್ಲಜನಕದಲ್ಲಿ ಐದನೇ ಒಂದು ಪಾಲು ಅದಕ್ಕೇ ಬೇಕು. ಅದನ್ನು ತಲುಪಿಸುವುದು ಕೂದಲಿಗಿಂತ ಸಣ್ಣ ರಕ್ತನಾಳಗಳು. ನಾಲೆಯ ಕೊನೆ ಭಾಗದ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೆಆರ್‌ಎಸ್ ತುಂಬಿದ್ದರೂ ಉಪಕಾಲುವೆ ಹೂಳು ತುಂಬಿ ಒಡೆದಿದ್ದರೆ ಮದ್ದೂರಿನ ಗದ್ದೆಗೆ ನೀರು ಬರಲ್ಲ. ವರ್ಷಗಟ್ಟಲೆ ಏರಿದ ಬಿಪಿ, ಶುಗರ್ ಆ ಸಣ್ಣ ನಾಳಗಳನ್ನು ಹಾಗೇ ಕೆಡಿಸುತ್ತವೆ. ಯಾರಿಗೂ ಗೊತ್ತಾಗದ ಸಣ್ಣ ಸಣ್ಣ ಸ್ಟ್ರೋಕ್‌ಗಳು ಆಗುತ್ತವೆ. ಮೊದಲು ಹೆಸರು ಮರೆಯುತ್ತೆ, ಆಮೇಲೆ ದಾರಿ, ಆಮೇಲೆ ಮಕ್ಕಳ ಮುಖ.

ಶುಗರ್ ಇದ್ದವರಿಗೆಲ್ಲ ಮರೆವು ಬಂದೇ ಬರುತ್ತೆ ಅಂತಲ್ಲ. ಮರೆವು ಬಂದವರಿಗೆಲ್ಲ ಶುಗರ್ ಇರಬೇಕು ಅಂತಲೂ ಅಲ್ಲ. ಆದರೆ ಅಪಾಯ ಏರುವುದು ನಿಜ. ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ 2024ರಲ್ಲಿ ಇಂಥ 14 ಕಾರಣಗಳನ್ನು ಪಟ್ಟಿ ಮಾಡಿತು. ಬಿಪಿ, ಶುಗರ್, ಕೆಟ್ಟ ಕೊಲೆಸ್ಟರಾಲ್, ಬೀಡಿ ಸಿಗರೇಟು, ಹೆಚ್ಚು ಕುಡಿತ, ಕಿವಿ ಮಂದ, ಕಣ್ಣು ಮಂಜು, ಖಿನ್ನತೆ, ಒಂಟಿತನ ಎಲ್ಲ ಅದರಲ್ಲಿವೆ. ಇವನ್ನೆಲ್ಲ ಹಿಡಿತಕ್ಕೆ ತಂದರೆ ಪ್ರಪಂಚದ ಸುಮಾರು ಶೇ 45ರಷ್ಟು ಡಿಮೆನ್ಷಿಯಾ ತಪ್ಪಿಸಬಹುದು ಇಲ್ಲವೇ ಮುಂದೂಡಬಹುದು ಅಂತ ಅದು ಹೇಳಿತು.

ಹಾಗಿದ್ದರೆ ನಾವೇನು ಮಾಡ್ತಿದ್ದೀವಿ? ‘ಮಾತ್ರೆ ನುಂಗಿದರೆ ಕಿಡ್ನಿ ಹೋಗುತ್ತೆ’ ಅಂತ ಅರಳಿಕಟ್ಟೆಯಲ್ಲಿ ಉಪದೇಶ ಮಾಡ್ತಿದ್ದೀವಿ. ಕಿಡ್ನಿ ಕೆಡಿಸುವುದರಲ್ಲಿ ಮುಂದಿರುವುದು ಹತೋಟಿ ತಪ್ಪಿದ ಬಿಪಿ, ಶುಗರ್. ‘ಈಗ ಚೆನ್ನಾಗಿದ್ದೀನಿ’ ಅಂತ ಮಾತ್ರೆ ಬಿಟ್ಟವರ ಮೆದುಳು ಸದ್ದಿಲ್ಲದೆ ಸವೆಯುತ್ತಿರುತ್ತೆ. ಇನ್ನು ಮರೆವು ಶುರುವಾದ ಮೇಲೆ ಕಾಯಿಲೆ ತಿರುಗಿ ಹೊಡೆಯುತ್ತೆ. ಮಾತ್ರೆ ನುಂಗಿದ್ದು ಮರೆತು ಎರಡು ಸಲ ನುಂಗುತ್ತಾರೆ, ಊಟ ಮರೆತು ಇನ್ಸುಲಿನ್ ಚುಚ್ಚಿಕೊಳ್ಳುತ್ತಾರೆ. ಶುಗರ್ ದಿಢೀರ್ ಇಳಿದರೆ ಮೆದುಳಿಗೆ ಇನ್ನೊಂದು ಪೆಟ್ಟು.

ಸರ್ಕಾರದ ದೂರು ಇನ್ನೂ ದೊಡ್ಡದು. ಸೋಮನಹಳ್ಳಿಯವರೇ ಆದ ಎಸ್.ಎಂ. ಕೃಷ್ಣ ಮುಖ್ಯಮಂತ್ರಿಯಾಗಿದ್ದಾಗ, 2003ರಲ್ಲಿ ಸಹಕಾರ ಸಂಘದ ಸದಸ್ಯರಿಗೆ ಯಶಸ್ವಿನಿ ಬಂತು. ಆಪರೇಷನ್‌ಗೆ ಹೊಲ ಅಡ ಇಡುವುದು ಎಷ್ಟೋ ಮನೆಗಳಿಗೆ ತಪ್ಪಿತು. ದೊಡ್ಡ ಕೆಲಸವೇ. ಆದರೆ ಇಪ್ಪತ್ತು ವರ್ಷ ನಿಧಾನವಾಗಿ ಕೊಲ್ಲುವ ಕಾಯಿಲೆಗೆ ಆಪರೇಷನ್ ಇಲ್ಲ. ಅದಕ್ಕೆ ಬೇಕಾದ್ದು ತಪ್ಪದೆ ಸಿಗುವ ಮಾತ್ರೆ ಮತ್ತು ಒಂದು ಪ್ರಶ್ನೆ: ‘ನೆನಪು ಹೇಗಿದೆ?’

ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ ಬೆಂಗಳೂರಿನ ಮೆದುಳು ಸಂಶೋಧನಾ ಕೇಂದ್ರ 2018ರಿಂದ ಜನರ ನೆನಪು, ಬಿಪಿ, ಶುಗರ್ ಮೂರನ್ನೂ ಒಟ್ಟಿಗೆ ನೋಡುತ್ತಿದೆ, ಅದೂ 45ನೇ ವಯಸ್ಸಿನಿಂದ. ವಿಜ್ಞಾನಿಗಳು 45ಕ್ಕೆ ನೋಡುವುದನ್ನು ನಾವು 75ಕ್ಕೆ ನೋಡುತ್ತೇವೆ, ಅದೂ ಅಜ್ಜ ಹೆದ್ದಾರಿ ದಾಟಿ ಕಳೆದುಹೋದ ಮೇಲೆ. ನಿಮ್ಹಾನ್ಸ್ ಮತ್ತು ರಾಜ್ಯ ಸರ್ಕಾರ ಸೇರಿ 2022ರಲ್ಲಿ ಮೆದುಳಿನ ಆರೋಗ್ಯದ ಯೋಜನೆಯನ್ನೂ ಶುರು ಮಾಡಿದವು. ಅದರ ಫಲ ಹಳ್ಳಿಯ ಕೊನೆ ಮನೆಗೆ ಬರಬೇಕು.

ಆದ್ದರಿಂದ ಗ್ರಾಮಸಭೆಯಲ್ಲಿ ರಸ್ತೆ, ಚರಂಡಿ ಜೊತೆ ಇದನ್ನೂ ಕೇಳಿ. ಪಿಎಚ್‌ಸಿಯಲ್ಲಿ ಬಿಪಿ, ಶುಗರ್ ಮಾತ್ರೆ ಒಂದು ತಿಂಗಳೂ ಖಾಲಿಯಾಗಬಾರದು. ಶುಗರ್ ನೋಡುವ ದಿನವೇ ನೆನಪು, ಕಿವಿ, ಕಣ್ಣು ನೋಡಲಿ. ಮರೆವು ಕಂಡರೆ ಥೈರಾಯ್ಡ್, ಬಿ12 ಪರೀಕ್ಷೆ ಮಾಡಲಿ. ಅವುಗಳಿಂದ ಬಂದ ಮರೆವಿಗೆ ಚಿಕಿತ್ಸೆ ಇದೆ.

ಮನೆಯಲ್ಲೂ ಕೆಲಸ ಇದೆ. ಮರೆವಿನ ಅತ್ತೆಯನ್ನು ಹಗಲೂ ರಾತ್ರಿ ಕಾಯುವವಳು ಸೊಸೆ. ಅವಳ ಬಿಪಿ ಯಾರೂ ನೋಡಲ್ಲ. ಗಂಡುಮಕ್ಕಳು ಒಂದು ಪಾಳಿ ತಗೊಳ್ಳಿ. ಅಪ್ಪನ ಮಾತ್ರೆ ದಿನಾ ನೀವೇ ಎಣಿಸಿ ಕೊಡಿ. ನಿಮಗೆ 45 ಆಗಿದ್ದರೆ ಈ ವಾರವೇ ನಿಮ್ಮ ಬಿಪಿ, ಶುಗರ್ ನೋಡಿಸಿ. ಮುಂದಿನ ಸಲ ಯಾರಾದರೂ ‘ಅರಳು ಮರಳು’ ಅಂದರೆ ನಕ್ಕು ಸುಮ್ಮನಾಗಬೇಡಿ. ‘ಡಾಕ್ಟರಿಗೆ ತೋರಿಸಿದ್ರಾ?’ ಅಂತ ಕೇಳಿ.